ಎರಡು ತೋಳಿನ ತಂತಿ

ತಮ್ಮನ ಕೈಯ ಕಟಿಂಗ್ ಪ್ಲೇಯರಿನ ಬಾಯಿ ಆಂಟೆನಾ ತಂತಿಯನ್ನು ಕಚ್ಚಿತ್ತು, ಇನ್ನು ಅದುಮುವುದೊಂದೇ ಬಾಕಿ. ಅಷ್ಟರಲ್ಲಿ ಅಕ್ಕ ಮಹಡಿ ಮೆಟ್ಟಿಲಲ್ಲಿ ಕಾಣಿಸಿಕೊಂಡಳು.

"ಕೆಳಗಿಡೋ ಅದನ್ನ."

"ಅಕ್ಕಾ, ಮೋಡ ನೋಡು ಹೇಗೆ ಕವೀತಿದೆ. ಸಿಡಿಲು ಈ ತಂತಿ ಹಿಡ್ಕೊಂಡು ನೇರ ಮನೆಯೊಳಗೇ ಇಳಿಯತ್ತೆ. ಕೆಳಗೆ ಭಾವ ಒಬ್ಬರು ಮಲಗಿರೋದು ಸಾಲ್ದಾ?"

"ಗಾಳಿಗಂಟಲು ಇನ್ನೇನು ಕರೀತಾನೆ. ಅವನಿಗೆ ಹೇಳ್ಬೇಕು. ಆಮೇಲೆ ಕತ್ತರಿಸು."

ಗಾಳಿಗಂಟಲು ಎಂದರೆ ಕೆಳಗೆ ಹೆಣವಾಗಿ ಮಲಗಿದ್ದ ಅಕ್ಕನ ಗಂಡನ, ಆ ದರ್ಜಿಯ, ರೇಡಿಯೊ ಗೆಳೆಯ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ತಪ್ಪದೆ ಮಾತಿಗೆ ಬರುವವನು. ಅವನ ಮುಖ ಕಂಡವರಿಲ್ಲ, ಮನೆ ಬಲ್ಲವರಿಲ್ಲ. ಈ ತಂತಿ ಹೋದರೆ ಅವನೂ ಹೋದ. ರೇಡಿಯೊ ಪೆಟ್ಟಿಗೆ ನಿನ್ನೆ ದರ್ಜಿಯೇ ಚಾಲೂ ಮಾಡಿಟ್ಟದ್ದು. ಆರಿಸಲು ಯಾರಿಗೂ ಕೈ ಬಂದಿರಲಿಲ್ಲ.

ಬಾಗಿಲಲ್ಲಿ ಹೆಣ ಒಯ್ಯಲು ಬಂದ ವ್ಯಾನಿನ ಚಾಲಕ ಹಾರ್ನ್ ಒತ್ತಿದ. ಗಾಳಿ ಎದ್ದಿತು. ತಂತಿ ಕಟ್ಟಿದ್ದ ಮರ ತೂಗಿದಾಗ ಅದು ತುಂಡಾಗದಿರಲೆಂದು ದರ್ಜಿ ಅದರ ತುದಿಗೆ ಇಳಿಬಿಟ್ಟಿದ್ದ ಮರಳಿನ ಡಬ್ಬ ಏರುತ್ತ ಇಳಿಯುತ್ತ ಕಿಟಕಿ ಬಡಿಯತೊಡಗಿತು, ಒಳಗೆ ಬರಲೇ ಎಂದು ಕೇಳುವಂತೆ.

*

ಅಂಗಿಗೆ ಬಟ್ಟೆ ಕತ್ತರಿಸಿದಂತೆಯೇ ದರ್ಜಿ ಆ ಆಂಟೆನಾ ಕತ್ತರಿಸಿದ್ದ. ಕೊರಳಲ್ಲಿ ಟೇಪು, ನೆಲದ ಮೇಲೆ ತಾಮ್ರದ ತಂತಿ, ಎದುರಿಗೆ ಹೆಂಡತಿ.

"ಲೇ, ಆ ತುದಿ ಹಿಡ್ಕೋ. ಎರಡು ತೋಳೂ ಒಂದೇ ಅಳತೆ ಇರ್ಬೇಕು. ಉದ್ದ ಆದ್ರೆ ಮೋಟು ಮಾಡ್ಬಹುದು, ಮೋಟಾದ್ರೆ ಗಿರಾಕಿ ಒದೀತಾನೆ."

"ಬರೀ ತೋಳಿರೋ ಅಂಗಿ ಯಾರಿಗ್ರೀ?"

"ಮೈ ಇಲ್ಲದೋನಿಗೆ."

ನಡುವೆ ಪ್ಲಾಸ್ಟಿಕ್ ಕೊಳವೆಯ ತುಂಡು, ಅಲ್ಲಿಂದ ಪೆಟ್ಟಿಗೆಗೆ ಕೇಬಲ್ಲು. ಮೈಕಿನ ಗುಂಡಿ ತೋರಿಸಿ ಹೇಳಿದ್ದ: "ಒತ್ತಿ ಹಿಡಿದಷ್ಟು ಹೊತ್ತು ಮಾತು ನಮ್ದು, ಬಿಟ್ರೆ ಅವನ್ದು. ಬಿಡೋದು ಮರೆತ್ರೆ ಅವನು ಅಲ್ಲಿ ಬಾಯಿ ಬಡ್ಕೊಂಡ್ರೂ ಇಲ್ಲಿಗೆ ಕೇಳ್ಸಲ್ಲ."

ಪರಿಚಯವಾದದ್ದೇ ತಡ, ಗೆಳೆಯರಿಬ್ಬರೂ ಒಬ್ಬರ ದನಿಯನ್ನೊಬ್ಬರು ಕದ್ದು ಅಣಕಿಸತೊಡಗಿದರು. ಮಹಡಿಯಿಂದ "ಲೇ, ಟೀ ತಾರೇ!" ಎಂದು ಗಂಡನ ದನಿ, ಇವಳು ಏದುಸಿರು ಬಿಡುತ್ತ ಲೋಟ ಹಿಡಿದು ಹತ್ತಿದರೆ ಕುರ್ಚಿ ಖಾಲಿ. ಕೂಗಿದ್ದು ಪೆಟ್ಟಿಗೆಯೊಳಗಿಂದ ಗಾಳಿಗಂಟಲು. ಗಂಡ ಬಾಗಿಲ ಹಿಂದೆ ಬಾಯಿಗೆ ಟೇಪು ತುರುಕಿಕೊಂಡು ನಗುತ್ತಿದ್ದ. ಅವಳು ಒಮ್ಮೆಯೂ ನಕ್ಕಿರಲಿಲ್ಲ.

"ಒಂದಿನ ನೀವಿಲ್ದಾಗ ಅವನು ಹೀಗೇ ಕರೆದ್ರೆ ಏನ್ರೀ ಮಾಡ್ಲಿ?"

"ಟೀ ನೀನೇ ಕುಡಿ."

*

ಕೆಳಗೆ ನಾಲ್ವರು ಹೆಣ ಎತ್ತಲು ಬಗ್ಗಿದ್ದರು. ಮಹಡಿಯಲ್ಲಿ ಕರಕರ ಸದ್ದಾಯಿತು. ಆಮೇಲೆ ಸ್ಪಷ್ಟವಾಗಿ, ಸತ್ತವನ ದನಿ:

"ಲೇ, ಟೀ ತಾರೇ!"

ಬಗ್ಗಿದವರು ಬಗ್ಗಿದಂತೆಯೇ ಕಲ್ಲಾದರು. ಚಾಲಕ ಚಪ್ಪಲಿ ಬಿಟ್ಟು ಬೀದಿಗೆ ಹಾರಿದ. "ಅಯ್ಯೋ, ಇನ್ನೂ ಜೀವ ಇದೆ ಕಣ್ರೋ!" ಎಂದು ದೊಡ್ಡಮ್ಮ ಹೆಣದ ಮೂಗಿಗೆ ಬೆರಳಿಟ್ಟು ನೋಡಿದಳು.

ಹೆಂಡತಿ ಮೆಟ್ಟಿಲು ಹತ್ತಿದಳು. ಕುರ್ಚಿ ಖಾಲಿ. ಗೊತ್ತಿದ್ದೂ ಬಾಗಿಲ ಹಿಂದೆ ಇಣುಕಿದಳು.

"ಯಾಕೆ, ಟೀಪುಡಿ ಮುಗೀತಾ?" ಎಂದಿತು ಗಂಡನ ದನಿ.

ಅವಳು ಮೈಕು ಎತ್ತಿ ಗುಂಡಿ ಒತ್ತಿದಳು. ಹೇಳಬೇಕಾದ ಮಾತು ನಾಲಿಗೆಯವರೆಗೆ ಬಂತು, ಹೊರಬಿದ್ದದ್ದು ನಗು. ಕೆಳಗಿದ್ದವರೆಲ್ಲ ಬೆಚ್ಚುವಂಥ, ಮನೆ ತುಂಬುವಂಥ ನಗು. ನಗುತ್ತ ನಗುತ್ತ ಅದು ಬೇರೇನೋ ಆಯಿತು.

ತಮ್ಮ ಓಡಿ ಬಂದ. "ಅಕ್ಕಾ, ಭಾವನ್ನ ಎತ್ತಿದ್ರು. ಕೊನೇ ಸಲ ಮುಖ ನೋಡ್ಬಾ." ಅವನ ಬೆನ್ನಿಗೇ ಕೆಳಗಿನ ಅಳು ಮೆಟ್ಟಿಲು ಹತ್ತಿ ಮೈಕಿನವರೆಗೂ ಬಂತು.

ಗುಂಡಿಯ ಮೇಲಿನ ಬೆರಳು ಸಡಿಲಲಿಲ್ಲ. ಮಾತು ಇನ್ನೂ ಈ ಕಡೆಯದೇ ಎಂದು ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಲೇ ಇತ್ತು. ಕಿಟಕಿಯಾಚೆ, ಎರಡೂ ತೋಳು ಚಾಚಿ ನಿಂತ ತಂತಿಯ ಹಿಂದೆ, ಮೊದಲ ಮಿಂಚು ಹರಿಯಿತು.