ಬಣ್ಣ ಬದಲಾಗದ ಅಳಿವೆ

ತಮಿಳು ಕಡಲತೀರದ ಎಣ್ಣೂರಿನ ಅಳಿವೆಗೆ ಒಂದು ವಿದ್ಯುತ್ ಸ್ಥಾವರ ವರ್ಷಗಟ್ಟಲೆ ಬಿಸಿನೀರು ಬಿಟ್ಟಿತು. ಸಿಗಡಿ ಸತ್ತವು. ಸಿಗಡಿ ಹಿಡಿದು ಬದುಕುತ್ತಿದ್ದವರಿಗೆ, ನೀರು ಮೊದಲಿದ್ದ ಹಾಗೇ ಇದೆಯೆಂದು ತೋರಿಸಲು ಒಂದು ಸಿನಿಮಾ ಮಾಡಿಸಲಾಯಿತು.

ಸಿನಿಮಾ ಮಾಡಿದವಳು ಪೂರ್ಣಿಮಾ. ಹತ್ತಿರದ ನಗರದಲ್ಲಿ, ಅಡ್ಯಾರಿನ ಒಂದು ಪರಿಸರ ಸಲಹಾ ಕಂಪನಿಯಲ್ಲಿ ಅಂಕಿಗಳನ್ನು ಚಿತ್ರವಾಗಿಸುವುದು ಅವಳ ಕೆಲಸ. ಸ್ಥಾವರದವರಿಗೆ ಇನ್ನೊಂದು ಘಟಕ ಕಟ್ಟಬೇಕಿತ್ತು. ಅದಕ್ಕೆ ಮೊದಲು ಸರಕಾರ ಊರವರನ್ನು ಕೂರಿಸಿ ಅಹವಾಲು ಕೇಳಬೇಕು, ನೀರಿನ ಸ್ಥಿತಿ ಅವರಿಗೆ ತೋರಿಸಬೇಕು. ಹಾಗಾಗಿ ಸ್ಥಾವರದ ದುಡ್ಡಿನಲ್ಲಿ ಕಂಪನಿಯವರು ಎರಡು ವರ್ಷ, ತಿಂಗಳಿಗೊಮ್ಮೆ, ಅಳಿವೆಯ ಉದ್ದಕ್ಕೂ ಉಷ್ಣಾಂಶ ಅಳೆದಿದ್ದರು. ದೋಣಿ ಹೋಗದ ಕಡೆ ಎದೆಮಟ್ಟದ ನೀರಿಗಿಳಿದು ಥರ್ಮಾಮೀಟರ್ ಮುಳುಗಿಸಿ ಹಿಡಿದವಳು ದೇಸಮ್ಮ. ಕೆಸರಿನಲ್ಲಿ ಬರಿಗೈಯಾಡಿಸಿ ಸಿಗಡಿ ಹಿಡಿದು, ಹಲ್ಲಿನಲ್ಲಿ ಕಚ್ಚಿಕೊಂಡ ಬುಟ್ಟಿಗೆ ಹಾಕುವುದು ಅವಳ ಕಸುಬು. ಈಗೀಗ ಬುಟ್ಟಿ ಹಗುರವಾಗಿಯೇ ಇರುತ್ತಿತ್ತು.

"ಇದನ್ನೆಲ್ಲಾ ಬರ್ಕೊಂಡು ಏನು ಮಾಡ್ತೀ ಪಾಪ್ಪಾ?" ಎಂದು ಅವಳು ಒಮ್ಮೆ ತನ್ನ ತಮಿಳಿನಲ್ಲಿ, ಮಗುವನ್ನು ಕರೆಯುವ ಹಾಗೆ, ಪೂರ್ಣಿಮಾಳನ್ನು ಕೇಳಿದ್ದಳು.

"ಸಿನಿಮಾ ಮಾಡ್ತೀನಿ ಅಕ್ಕಾ. ನಿಮ್ಮ ನೀರು ಹೇಗೆ ಬಿಸಿಯಾಗ್ತಿದೆ ಅಂತ ಎಲ್ಲರೂ ಕಣ್ಣಾರೆ ನೋಡ್ಲಿ."

"ಹೀರೋಯಿನ್ ಯಾರು?"

"ನೀವೇ."

"ಹಾಗಾದ್ರೆ ಕೊನೇಲಿ ನನ್ನನ್ನ ಸಾಯಿಸ್ಬೇಡ, ಈಗ್ಲೇ ಹೇಳಿರ್ತೀನಿ."

ಪೂರ್ಣಿಮಾ ಮಾಡಿದ ಮೊದಲ ಸಿನಿಮಾ ಹೀಗಿತ್ತು. ತಿಂಗಳಿಗೊಂದು ನಕ್ಷೆ. ತಣ್ಣನೆಯ ನೀರಿಗೆ ನೀಲಿ, ಬಿಸಿಯಾದಂತೆ ಹಳದಿ, ಕಡೆಗೆ ಕೆಂಪು. ಇಷ್ಟು ಡಿಗ್ರಿಗೆ ಇದೇ ಬಣ್ಣ ಎಂದು ಎಲ್ಲ ನಕ್ಷೆಗಳಿಗೂ ಒಂದೇ ಅಳತೆಪಟ್ಟಿ ಹಿಡಿದು, ಸಾಲಾಗಿ ಪೋಣಿಸಿ ಓಡಿಸಿದಳು. ಸ್ಥಾವರದ ಕಾಲುವೆಯ ಬಾಯಲ್ಲಿ ಬೊಟ್ಟಿನಷ್ಟಿದ್ದ ಕೆಂಪು ಮಳೆಗಾಲದಲ್ಲಿ ತುಸು ಹಿಂಜರಿದು, ಬೇಸಿಗೆಯಲ್ಲಿ ಮುನ್ನುಗ್ಗಿ, ಸೇತುವೆ ದಾಟಿ, ಕಡಲಿನವರೆಗೂ ಅಳಿವೆಯನ್ನು ನುಂಗಿತು. ನೋಡಲು ನಿಮಿಷವೂ ಬೇಕಿರಲಿಲ್ಲ. ಯಾರೂ ವಿವರಿಸಬೇಕಿರಲಿಲ್ಲ.

ಕಂಪನಿಯ ಯಜಮಾನ ಕೃಷ್ಣಪ್ರಸಾದ ಮೈಸೂರಿನ ಕಡೆಯವರು. ನಮ್ಮ ಕನ್ನಡದ ಹುಡುಗಿ ಎಂದೇ ಅವಳನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದರು.

"ಚೆನ್ನಾಗಿದೆ ಕಣಮ್ಮ. ತುಂಬಾನೇ ಚೆನ್ನಾಗಿದೆ. ಅದೇ ತೊಂದರೆ," ಎಂದರು. "ಆ ಒಂದೇ ಅಳತೆಪಟ್ಟಿ ಬಿಟ್ಬಿಡು. ಪ್ರತಿ ನಕ್ಷೆನೂ ತನ್ನ ಪಟ್ಟಿ ತಾನೇ ಮಾಡ್ಕೊಳ್ಲಿ."

ಹಾಗೆ ಮಾಡಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಆಯಾ ತಿಂಗಳು ಎಲ್ಲಕ್ಕಿಂತ ತಣ್ಣಗಿದ್ದ ನೀರು ನೀಲಿ, ಎಲ್ಲಕ್ಕಿಂತ ಬಿಸಿಯದು ಕೆಂಪು. ಇಡೀ ಅಳಿವೆ ಕುದಿದರೂ, ಕಡಿಮೆ ಕುದಿಯುವ ಮೂಲೆ ನೀಲಿಯಾಗಿಯೇ ಇರುತ್ತದೆ.

"ಹಂಗ ಮಾಡಿದ್ರ ಏನೂ ಕಾಣಂಗಿಲ್ಲ ಸರ್."

"ಒಂದಂಕಿ ತಿದ್ದು ಅಂದ್ನಾ? ಪಟ್ಟಿ ಪಕ್ಕದಲ್ಲಿ ಡಿಗ್ರಿ ಹಾಕಿರತ್ತೆ. ಓದೋರು ಓದ್ಕೋತಾರೆ."

"ಇರುವಿ ಕಾಲಿನಷ್ಟ ಅಕ್ಷರ, ಅದೂ ಇಂಗ್ಲಿಷು. ಯಾರು ಓದ್ತಾರ್ರಿ?"

"ಏನಮ್ಮ, ಇಲ್ಲಿ ಪ್ಯಾರೀಸ್ ಕಾರ್ನರ್ ಮಾರ್ಕೆಟ್ಟಲ್ಲಿ ನಿಮ್ಮಪ್ಪ ಬ್ಯಾಡಗಿ ಮೆಣಸಿನಕಾಯಿ ಮಾರೋವಾಗ, ಕೆಂಪಗಿರೋದನ್ನ ಆರಿಸಿ ಮೂಟೆ ಮೇಲಿಡಲ್ವಾ?"

"ಇಡ್ತಾರ. ಆದ್ರ ಕೊಳ್ಳಾಂವ ಮೂಟಿ ತಳಕ್ಕ ಕೈ ಹಾಕಿ ತಗದು ನೋಡ್ತಾನ. ಇಲ್ಲಿ ಎಲ್ಲಿ ಕೈ ಹಾಕೂದು?"

ಕೃಷ್ಣಪ್ರಸಾದ ಮನಸಾರೆ ನಕ್ಕರು. ಆಮೇಲೆ ದನಿ ತಗ್ಗಿಸಿದರು. "ನೀನು ಮಾಡಲ್ಲ ಅಂದ್ರೆ ನಿನ್ನ ಪಕ್ಕ ಕೂರೋ ರೂಪೇಶ್‌ಗೆ ಕೊಡ್ತೀನಿ. ಅವನು ಅಂಕಿಗೂ ಕೈ ಹಾಕ್ತಾನೆ, ನಿಂಗೇ ಗೊತ್ತು. ನೀನು ಮಾಡಿದ್ರೆ ಅಂಕಿಗಳಾದ್ರೂ ನಿಜವಾಗಿ ಉಳಿಯತ್ತೆ."

ಒಳ್ಳೆಯವರನ್ನು ಕೆಟ್ಟ ಕೆಲಸಕ್ಕೆ ಹಚ್ಚುವುದು ಹೀಗೆಯೇ. ಇನ್ನೂ ಕೆಟ್ಟದ್ದನ್ನು ತಡೆದ ಪುಣ್ಯವನ್ನು ಕೂಲಿಯ ಜೊತೆಗೆ ಕೊಡುತ್ತಾರೆ. ಪೂರ್ಣಿಮಾ ಕಂಪ್ಯೂಟರಿನಲ್ಲಿ ಅಳತೆಪಟ್ಟಿಯನ್ನು ಹಿಡಿದಿಟ್ಟಿದ್ದ ಒಂದು ಸಾಲು ಅಳಿಸಿದಳು. ಮತ್ತೆ ಓಡಿಸಿದಳು. ತಿಂಗಳುಗಳು ಉರುಳಿದವು, ಅಳಿವೆ ಬಣ್ಣ ಬದಲಿಸಲಿಲ್ಲ.

ಅಹವಾಲು ಸಭೆ ಎಣ್ಣೂರಿನ ಒಂದು ಮದುವೆ ಮಂಟಪದಲ್ಲಿ. ಬಾಗಿಲಲ್ಲಿ ಪೊಲೀಸರು, ಹಿತ್ತಿಲಲ್ಲಿ ಬಿರಿಯಾನಿ ಪೊಟ್ಟಣಗಳ ರಾಶಿ. ದೀಪ ಆರಿಸಿ ಸಿನಿಮಾ ತೋರಿಸಿದರು. ತಮ್ಮ ನೀರನ್ನು ಹದ್ದಿನ ಕಣ್ಣಿನಿಂದ ಯಾವತ್ತೂ ನೋಡಿರದ ಜನ ಕುಣಿದಾಡಿಬಿಟ್ಟರು. "ಅದೋ ನಮ್ಮ ಬ್ರಿಡ್ಜು!" "ಏ, ಅಲ್ಲೇ ನಮ್ಮ ಮಾವ ಕುಡಿದು ಬಿದ್ದಿದ್ದು!" ಮುಗಿದಾಗ ಚಪ್ಪಾಳೆ ಹೊಡೆದರು. ತಮ್ಮನ್ನು ಮುಳುಗಿಸುವ ಸಿನಿಮಾಕ್ಕೆ ಅವರು ಚಪ್ಪಾಳೆ ಹೊಡೆಯುವುದನ್ನು ಪೂರ್ಣಿಮಾ ವೇದಿಕೆಯ ಮೇಲೆ ಕೂತು ಕೇಳಿದಳು.

"ನೋಡಿದ್ರಲ್ಲ, ಮೊದಲಿಂದ ಕೊನೆವರೆಗೆ ಒಂದೇ ಬಣ್ಣ," ಎಂದರು ಸಭೆ ನಡೆಸುತ್ತಿದ್ದ ಸರಕಾರಿ ಅಧಿಕಾರಿ. "ನೀರಿಗೇನೂ ಆಗಿಲ್ಲ."

ದೇಸಮ್ಮ ಎದ್ದು ನಿಂತಳು. ಅಧಿಕಾರಿಯನ್ನಲ್ಲ, ಪೂರ್ಣಿಮಾಳನ್ನು ಕೇಳಿದಳು. "ಪಾಪ್ಪಾ, ನಾನು ನಿಲ್ತಿದ್ದ ಜಾಗ ನೀಲಿ, ತಣ್ಣಗಿದೆ ಅಂತ ತೋರಿಸ್ತಿದೆ. ಅಲ್ಲಿ ಕಾಲು ಸುಡ್ತಿತ್ತು, ನೀನೇ ನೋಡಿದ್ದೆ." ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡಳು. "ನಾನೇನಾದ್ರೂ ಥರ್ಮಾಮೀಟರ್ ತಪ್ಪಾಗಿ ಹಿಡಿದಿದ್ನಾ?"

"ಸಿಗಡಿ ಹಿಡಿಯೋ ಕೈಗೆ ಮಿಷನ್ ಕೊಟ್ರೆ ಇನ್ನೇನಾಗತ್ತೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮಂಟಪ ನಕ್ಕಿತು. ದೇಸಮ್ಮನೂ ನಗಲು ನೋಡಿದಳು, ಆಗಲಿಲ್ಲ.

ಅಧಿಕಾರಿ ಮೈಕನ್ನು ಪೂರ್ಣಿಮಾಳತ್ತ ಚಾಚಿದರು. ಪಕ್ಕದಲ್ಲಿದ್ದ ಕೃಷ್ಣಪ್ರಸಾದ, ಅಲ್ಲಿ ಬೇರೆ ಯಾರಿಗೂ ತಿಳಿಯದ ಕನ್ನಡದಲ್ಲಿ, ತುಟಿ ಅಲುಗಿಸದೆ ಹೇಳಿದರು: "ಹೂಂ ಅಂದ್ಬಿಡು. ಹಿಡಿಯೋದ್ರಲ್ಲಿ ತಪ್ಪಾಗಿರಬಹುದು ಅನ್ನು, ಸಾಕು. ಊಟಕ್ಕೆ ಎದ್ದೇಳ್ತಾರೆ."

ಇಲ್ಲಿ ಏನು ಹೇಳಿದರೂ ಘಟಕ ಏಳುತ್ತದೆಂದು ಪೂರ್ಣಿಮಾಳಿಗೆ ಗೊತ್ತಿತ್ತು. ಸಭೆಯ ನಿರ್ಣಯ ಆಗಲೇ ಟೈಪಾಗಿ ಅಧಿಕಾರಿಯ ಮುಂದಿತ್ತು. ನಾಳೆಗೆ ಅವಳ ಕುರ್ಚಿಯಲ್ಲಿ ರೂಪೇಶ್ ಇರುತ್ತಾನೆ, ಅಂಕಿಗಳೂ ಉಳಿಯುವುದಿಲ್ಲ. ಅಳಿವೆ ಹೋಯಿತು. ಆದರೆ ಆ ಹೆಂಗಸು ಇನ್ನೂ ಅಂಗೈ ಬಿಡಿಸಿಕೊಂಡೇ ನಿಂತಿದ್ದಳು.

"ಹೇಳಮ್ಮ," ಎಂದರು ಕೃಷ್ಣಪ್ರಸಾದ ಮತ್ತೆ.

ಪೂರ್ಣಿಮಾ ಮೈಕನ್ನು ಬಾಯಿಗೆ ಹತ್ತಿರ ತಂದಳು. "ಸೊಲ್ಲಮಾಟ್ಟೇನ್ ಸಾರ್," ಎಂದಳು, ಎಲ್ಲರಿಗೂ ತಿಳಿಯುವ ತಮಿಳಿನಲ್ಲಿ. ಹೇಳುವುದಿಲ್ಲ. "ಅಕ್ಕ ಸರಿಯಾಗೇ ಹಿಡಿದಿದ್ರು. ಸಿನಿಮಾ ತಪ್ಪು. ಮಾಡಿದ್ದು ನಾನು."

ಯಾರೋ ವೈರು ಕಿತ್ತರು. ಕೊನೆಯ ಮಾತು ಮುಂದಿನ ಎರಡು ಸಾಲು ದಾಟಲಿಲ್ಲ. ಹಿಂದೆ ಆಗಲೇ ಪೊಟ್ಟಣಗಳಿಗೆ ನೂಕುನುಗ್ಗಲು.

"ಮೈಕ್ ಕೊಟ್ಟು ಕೂತ್ಕೊಳಮ್ಮ," ಎಂದರು ಅಧಿಕಾರಿ, ಕೈ ಚಾಚಿ.

"ಮಾಟ್ಟೇನ್," ಎಂದಳು ಪೂರ್ಣಿಮಾ. ಸತ್ತ ಮೈಕನ್ನು ಕೊಡಲಿಲ್ಲ, ಕೂರಲೂ ಇಲ್ಲ.