ಎರಡು ಗೀರಿನ ಕಲ್ಲು

೧೯೪೯ರ ಬೇಸಿಗೆ. ಬಳ್ಳಾರಿಯ ಹಾಸ್ಟೆಲಿನಲ್ಲಿ ಓದುತ್ತಿದ್ದ ಉಚ್ಚೆಂಗೆಪ್ಪ ರಜೆಗೆಂದು ಕುರುಗೋಡಿಗೆ ಬಂದ. ರಜೆ ಮುಗಿಯುವ ಹೊತ್ತಿಗೆ ಬಳ್ಳಾರಿಯಲ್ಲಿ ಓಟದ ಪಂದ್ಯ ಇತ್ತು. ದೂರದ ಕಂಬ ಸುತ್ತಿ ವಾಪಸ್ ಬರಬೇಕು. ಮೊದಲು ಬಂದವನಿಗೆ ಪೊಲೀಸ್ ಕೆಲಸ. ಅಪ್ಪ ಇಲ್ಲದ ಮನೆ, ಅವ್ವ ಗಂಗಕ್ಕ ಕೂಲಿಗೆ ಹೋಗುತ್ತಿದ್ದಳು. ಆ ಕೆಲಸ ಅವನಿಗೆ ಬೇಕೇ ಬೇಕಿತ್ತು. ಕಾಲು ಚುರುಕು, ತಿರುವಿನಲ್ಲಿ ಮಾತ್ರ ಹಿಂದೆ ಬೀಳುತ್ತಿದ್ದ.

ಗ್ರೀಸಿನ ಒಲಿಂಪಿಯದ ಬಗ್ಗೆ ಅವನು ಹಾಸ್ಟೆಲಿನ ಲೈಬ್ರರಿಯಲ್ಲಿ ಓದಿದ್ದ. ಅಲ್ಲಿಯ ಆಟಗಳು ಶುರುವಾದದ್ದು ಸತ್ತ ರಾಜನೊಬ್ಬನ ಗೋರಿಯ ಹತ್ತಿರವಂತೆ. ಓಟದ ಬಯಲಿನ ಎರಡೂ ತುದಿಗೆ ಹಾಸುಗಲ್ಲು, ಅದರಲ್ಲಿ ಜೋಡಿ ಗೀರು. ಓಟಗಾರರು ಕಾಲ್ಬೆರಳನ್ನು ಗೀರಿಗೆ ಒತ್ತಿ ನಿಲ್ಲುತ್ತಿದ್ದರು. ಸಾವಿರ ವರ್ಷ ಓಡಿದರು. ಆಮೇಲೆ ಒಬ್ಬ ದೊರೆ ಆಟ ನಿಲ್ಲಿಸಿದ, ಹೊಳೆ ಉಕ್ಕಿ ಬಯಲು ಹೂತುಹೋಯಿತು. ಎಷ್ಟೋ ಕಾಲದ ಮೇಲೆ ಅಗೆದಾಗ ಗೀರುಗಳು ಹಾಗೆಯೇ ಇದ್ದವು.

ಕುರುಗೋಡಿನ ಮಸಣದ ಹಾದಿಯಲ್ಲಿ ಅಂಥದೇ ಒಂದು ಕಲ್ಲಿತ್ತು. ಎರಡು ಗೀರು. ಕಾಲ್ಬೆರಳಿಟ್ಟು ನೋಡಿದ, ಸರಿಯಾಗಿ ಕೂತವು.

"ಅದು ಹೆಣ ಇಳಸೋ ಕಲ್ಲಲೇ," ಅಂದಳು ಗಂಗಕ್ಕ. "ಚಟ್ಟದ ಬೊಂಬು ತಿಕ್ಕಿ ತಿಕ್ಕಿ ಗೀರು ಬಿದ್ದಾವು. ಅಲ್ಲಿ ಹೆಣದ ದಿಕ್ಕ ತಿರುಗಸ್ತಾರ, ಸತ್ತಾವಗ ಮನಿ ಹಾದಿ ತಪ್ಲಿ ಅಂತ. ಅಲ್ಲಿಂದ ಊರ ಕಡಿ ಓಡಬ್ಯಾಡ."

ಅವನು ನಕ್ಕ. ಬೇರೆ ಹಾದಿಗಳಲ್ಲೆಲ್ಲ ಬಂಡಿ ಓಡಾಟ. ಮಟಮಟ ಮಧ್ಯಾಹ್ನ ಆ ಕಲ್ಲಿನಿಂದ ಊರಂಚಿನ ಜಾಲಿಮರದವರೆಗೆ ಓಡಿ, ಮರ ಸುತ್ತಿ ವಾಪಸ್ ಬರತೊಡಗಿದ. ಹತ್ತಿ ಹಿಂಜುವವರ ಹೈದರಸಾಬ ಅವನ ಗೆಳೆಯ. ಚಪ್ಪಾಳೆ ತಟ್ಟಿ ಓಟ ಬಿಡುತ್ತಿದ್ದ.

"ಗ್ರೀಸಿನ್ಯಾಗ ಹಿಂಗಽ ನಿಲ್ತಿದ್ರು," ಅಂದ ಉಚ್ಚೆಂಗೆಪ್ಪ.

"ಈಗ ಎಲ್ಲದಾರ ಅವ್ರು?"

"ಸತ್ತಾರ."

"ಮತ್ತ? ಸತ್ತಾವ್ರಽ ನೋಡಪಾ ನಿನ್ನ ಜೋಡಿ!" ಹೈದರಸಾಬ ನಕ್ಕ.

ಕೆಲವು ದಿನಕ್ಕೆ ಬೆನ್ನ ಹಿಂದೆ ಹೆಜ್ಜೆ ಕೇಳತೊಡಗಿದವು. ಬರಿಗಾಲಿನವು. ಜಾಲಿಮರ ಬರುವವರೆಗೆ ಕೇಳುತ್ತಿದ್ದವು. ಅವನು ತಿರುಗಿದರೆ ಅವು ತಿರುಗದೆ ಊರ ಕಡೆ ಹೋದಂತಿತ್ತು. ಅಂಜಿಕೆಗೆ ಅವನ ತಿರುವು ಚುರುಕಾಯಿತು.

"ಲೇ, ನೀ ಹೋಗಾಗ ಧೂಳು ಜೋಡಿ ಏಳತೈತಿ," ಅಂದ ಹೈದರಸಾಬ. ಈ ಸಲ ನಗಲಿಲ್ಲ. "ಬರಾಗ ಒಂದಽ."

"ಗಾಳಿ ಇರಬೇಕು."

"ಗಾಳಿ ಎಲ್ಲೈತಲೇ?"

ಮರುದಿನದಿಂದ ಹೈದರಸಾಬ ಬರಲಿಲ್ಲ. ಉಚ್ಚೆಂಗೆಪ್ಪ ಬಿಡಲಿಲ್ಲ. ತಿರುವು ಸುಧಾರಿಸಿತ್ತು, ಕೆಲಸ ಬೇಕಿತ್ತು.

ಬಳ್ಳಾರಿಯ ಪಂದ್ಯದಲ್ಲಿ ಕಂಬದವರೆಗೆ ಅವನೇ ಮುಂದಿದ್ದ. ಹಿಂದೆ ಅದೇ ಬರಿಗಾಲು. ಕಂಬ ಸುತ್ತಿದ. ಹೆಜ್ಜೆಯ ಸದ್ದು ಅವನನ್ನು ದಾಟಿ ಮುಂದೆ ಹೋಯಿತು. ಆಮೇಲೆ ಯಾವ ಕಡೆ ಓಡಬೇಕೆಂದು ತಿಳಿಯಲಿಲ್ಲ. ಜನ, ಹಗ್ಗ, ಬೆಟ್ಟ ಎಲ್ಲ ಕಾಣುತ್ತಿದ್ದವು. ಬಂದ ದಿಕ್ಕು ಮಾತ್ರ ನೆನಪಿರಲಿಲ್ಲ. ಕಂಬವನ್ನು ಮತ್ತೆ ಸುತ್ತಿದ, ಮತ್ತೆ ಸುತ್ತಿದ. ಜನ ಕೇಕೆ ಹಾಕಿ ನಕ್ಕರು. ಮೋಕ ಊರಿನ ಹುಡುಗನೊಬ್ಬ ಗೆದ್ದ.

ಸಂಜೆಗೆ ಮುಂಚೆ ಕುರುಗೋಡಿನಲ್ಲಿ ಬಸ್ಸಿಳಿದ. ತನ್ನ ಓಣಿ ಯಾವುದೆಂದು ಕೇಳಿಕೊಂಡು ಹೋಗಬೇಕಾಯಿತು. ಹೊಸ್ತಿಲಲ್ಲಿ ಚೆಂಬು ಖಾಲಿ ಬಿದ್ದಿತ್ತು. ಕಾಲು ತೊಳೆದ ಒದ್ದೆ ಹೆಜ್ಜೆಗಳು ಒಳಗೆ ಹೋಗಿದ್ದವು.

ಗಂಗಕ್ಕ ನಗುತ್ತ ಹೊರಗೆ ಬಂದವಳು ಅಲ್ಲೇ ನಿಂತಳು.

"ಗೆದ್ದೆ ಅಂತ ಹೇಳಿ ಈಗಽ ಒಳಗ ಹೋಗಿ ಮಲಗಿದ್ಯಲ್ಲೋ," ಅಂದಳು. "ಮತ್ತ ಯಾವಾಗ ಹೊರಗ ಬಂದಿ?"