ಒತ್ತಿ ಅಳೆದ ಕಪ್ಪು

ನನ್ನ ಮಂಡಿ ಎರಡೂ ಹೋಗಿವೆ. ಪೀಣ್ಯದ ಈ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅಡುಗೆಯ ಹೊಣೆ ನನ್ನದು. ಬೆಳಗಾದರೆ ಒಲೆ, ಸಂಜೆಯಾದರೆ ಒಲೆ. ಚಿತ್ರಾನ್ನ, ಬೋಂಡಾ ಮಾಡಿಕೊಂಡು ಹೇಗೋ ದಿನ ತಳ್ಳುತ್ತಿದ್ದೆ. ಅಷ್ಟರಲ್ಲಿ ಗುತ್ತಿಗೆದಾರರ ಮಗ ಹರ್ಷವರ್ಧನ್ ಬಂದ. ವಾರಕ್ಕೊಂದು ಸಂಜೆ ಚೀಸ್ ಬ್ರೆಡ್ ಆಗಬೇಕು ಅಂದ. ಟ್ರೇಗೆ ಒಂದು ಕಪ್ಪು ತುರಿದ ಚೀಸ್, ಕಪ್ಪಿಗೆ ನೂರು ಗ್ರಾಂ, ಹತ್ತು ಟ್ರೇಗೆ ಒಂದು ಕೆಜಿ. ಅವನ ಲೆಕ್ಕ ಅಲ್ಲಿಗೆ ಮುಗಿಯಿತು.

ಚೀಸು ಮಾತ್ರ ಆರನೇ ಟ್ರೇಗೇ ಮುಗಿಯುತ್ತಿತ್ತು. ಉಳಿದ ನಾಲ್ಕಕ್ಕೆ ಬರೀ ಬೆಣ್ಣೆ ಸವರಿ ಕಳಿಸಿ, ಕೊನೆಗೆ ಬಂದವರಿಂದ ಬೈಸಿಕೊಳ್ಳುವವಳು ನಾನು.

ಮೂರನೇ ವಾರ ಅವನು ತೂಕದ ಮಷೀನು ಹಿಡಿದುಕೊಂಡೇ ಬಂದ. ಚೀಸ್ ತುರಿದು ಅಳೆಯುವವಳು ಹೊಳೆವ್ವ. ಕೊಪ್ಪಳದ ಕಡೆಯವಳು, ರಾಜಗೋಪಾಲನಗರದಲ್ಲಿ ಬಾಡಿಗೆ ರೂಮು.

“ಮನೆಗೆ ಕಟ್ಕೊಂಡು ಹೋಗ್ತಿದ್ದೀರಾ?” ಅಂತ ಹರ್ಷವರ್ಧನ್ ಅವಳನ್ನು ನೇರವಾಗಿ ಕೇಳಿಬಿಟ್ಟ.

“ನಾ ಯಾಕ ಒಯ್ಯಲ್ರಿ ಸಾಹೇಬ್ರ? ಅದರ ವಾಸನಿ ಬಂದ್ರ ಹೊಟ್ಟಿ ತೊಳಸ್ತೈತಿ.”

“ಹಂಗಾದ್ರೆ ನನ್ನೆದುರು ಒಂದು ಕಪ್ ಅಳೀರಿ. ನೂರು ಗ್ರಾಂ ಬಂದ್ರೆ, ಮಿಕ್ಕಿದ್ದು ನಿಮ್ಮನೇಲಿದೆ ಅಂತ. ನಾಳೆಯಿಂದ ಬರ್ಬೇಡಿ.”

ಹೊಳೆವ್ವ ಹೆದರಿ ಕಪ್ಪು ಎತ್ತಿಕೊಂಡಳು. ಚೀಸನ್ನು ಹಗುರಾಗಿ ಉದುರಿಸಿ, ಮೇಲೆ ಬೆರಳಿನಿಂದ ಸವರಿ ಮಷೀನಿನ ಮೇಲಿಟ್ಟಳು. ಸರಿಯಾಗಿ ನೂರು.

“ನೋಡಿದ್ರಾ?” ಅಂದ ನನ್ನ ಕಡೆ ತಿರುಗಿ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅವನದು. ನನಗೆ ಮೈಯೆಲ್ಲ ಉರಿಯಿತು. ಹೊಳೆವ್ವ ಅನ್ನ ಬಡಿಸುವುದನ್ನು ದಿನಾ ಕಾಣುವವಳು ನಾನು. ಸಾಕು ಅಂದರೂ ಕೇಳದೆ ಇನ್ನೊಂದು ಸೌಟು ಬಗ್ಗಿಸುವ ಕೈ ಅದು. ಕಿಟಕಿಯ ಹತ್ತಿರ ಲೇತ್ ಮಷೀನಿನ ಕೆಲಸಗಾರ ಯಮನೂರ ತಟ್ಟೆ ಹಿಡಿದು ನಿಂತಿದ್ದ.

“ಹೊಳೆವ್ವಾ, ಸಾಹೇಬ್ರನ್ನ ಬಿಡು. ಯಮನೂರ ಬೆಳಗ್ಗೆಯಿಂದ ಏನೂ ತಿಂದಿಲ್ವಂತೆ. ಅವನಿಗೆ ಅಂತ ಅಳಿ” ಅಂದೆ.

ಅವಳು ಅವನ ಮುಖ ನೋಡಿದಳು. ಕಪ್ಪು ತುಂಬಿದಳು, ಹೆಬ್ಬೆರಳಿನಿಂದ ಒತ್ತಿದಳು, ಮತ್ತೆ ತುಂಬಿ ಒತ್ತಿದಳು, ಮೇಲೊಂದು ಗುಪ್ಪೆ ಏರಿಸಿದಳು. ನಾನೇ ಕಪ್ಪನ್ನು ಕಿತ್ತುಕೊಂಡು ಮಷೀನಿನ ಮೇಲಿಟ್ಟೆ. ಅದೇ ಕಪ್ಪು, ಅದೇ ಚೀಸು. ನೂರಾ ಅರವತ್ತು. ಈ ಲೆಕ್ಕಕ್ಕೆ ಆರು ಟ್ರೇಗೇ ಕೆಜಿ ಮುಗಿಯುತ್ತದೆ.

“ಇಷ್ಟು ಒತ್ತೋದ್ಯಾಕೆ?” ಅಂದ ಹರ್ಷವರ್ಧನ್.

“ಉಣ್ಣಾವ್ರಿಗೆ ಸವರಿ ಅಳೀಬಾರ್ದ್ರಿ. ನಮ್ಮವ್ವ ಹಂಗ ಕಲಿಸ್ಯಾಳ.”

ತಪ್ಪಾಯಿತು ಅಂತ ಹರ್ಷವರ್ಧನ್ ಅನ್ನಲಿಲ್ಲ. ಕಪ್ಪು ಬೇಡ, ಇನ್ನು ಮೇಲೆ ಎಲ್ಲ ಗ್ರಾಂ ಲೆಕ್ಕದಲ್ಲೇ ಆಗಲಿ ಅಂತ ಮಷೀನು ಬಿಟ್ಟು ಹೋದ. ಹೊಳೆವ್ವನ ಕೆಲಸ ಉಳಿಯಿತು.

ಮುಂದಿನ ವಾರ ಅವಳು ಚಿಟಿಕೆ ಚಿಟಿಕೆಯಾಗಿ ಉದುರಿಸಿ ನೂರು ಬಂದ ಕೂಡಲೇ ಕೈ ಹಿಂದಕ್ಕೆಳೆದಳು. ಹತ್ತೂ ಟ್ರೇಗೆ ಚೀಸು ಸಾಲಿತು, ಯಾರೂ ನನ್ನನ್ನು ಬೈಯಲಿಲ್ಲ.

ಎಲ್ಲ ಮುಗಿದ ಮೇಲೆ ನಾವಿಬ್ಬರೂ ಉಣ್ಣಲು ಕೂತೆವು. ಹೊಳೆವ್ವ ನನ್ನ ತಟ್ಟೆಗೆ ಒಂದು ಸೌಟು ಅನ್ನ ಹಾಕಿ, ಇನ್ನೊಂದನ್ನು ಎತ್ತಿದವಳು ಅಲ್ಲೇ ಕೈ ತಡೆದಳು.

“ಇನ್ನಷ್ಟು ಹಾಕ್ಲೇನಕ್ಕಾ?” ಅಂತ ಕೇಳಿದಳು. ಇಷ್ಟು ವರ್ಷದಲ್ಲಿ ಅವಳು ಕೇಳಿ ಬಡಿಸಿದ್ದು ಅದೇ ಮೊದಲು.